ಕಾಂಟ್ರಾಸ್ಟ್ ಅಲ್ಟ್ರಾಸೌಂಡ್: ಕಿಡ್ನಿಯ ಸಿಸ್ಟ್‌ನೊಳಗೆ ರಕ್ತ ಓಡುತ್ತಿದೆಯೇ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಬಿಪಿಯೂ ಇದೆ. ಕ್ರಿಯಾಟಿನಿನ್ 2.1 ಬಂದಿದೆ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಬಲಗಿಡ್ನಿಯಲ್ಲಿ 3.4 ಸೆಂ.ಮೀ. ಸಿಸ್ಟ್ (ನೀರು ತುಂಬಿದ ಚೀಲ) ಇದೆ, ಒಳಗೆ ಪರದೆಗಳಿವೆ ಅಂತ ಬರೆದಿದ್ದಾರೆ. ಕಾಂಟ್ರಾಸ್ಟ್ ಹಾಕಿ ಸಿಟಿ ಮಾಡಿಸಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ ಅನ್ನುತ್ತಾರೆ ಒಬ್ಬರು. ಹಾಗಾದರೆ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಮಾಡಿಸಿ ಅನ್ನುತ್ತಾರೆ ಇನ್ನೊಬ್ಬರು. ಅದರಲ್ಲೂ ಇಂಜೆಕ್ಷನ್ ಕೊಡುತ್ತಾರಲ್ಲ, ತೊಂದರೆ ಇಲ್ಲವೇ? ಕಿಡ್ನಿ ಎಷ್ಟು ಪರ್ಸೆಂಟ್ ಕೆಲಸ ಮಾಡುತ್ತಿದೆ ಅನ್ನುವುದೂ ಇದರಲ್ಲೇ ಗೊತ್ತಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ಗೊತ್ತಾಗುವುದಿಲ್ಲ. ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವುದಕ್ಕೆ ರಕ್ತದ ಕ್ರಿಯಾಟಿನಿನ್ ಇದೆ, ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಅನ್ನುವ ಅಂದಾಜು) ಇದೆ, ಮೂತ್ರದಲ್ಲಿ ಆಲ್ಬುಮಿನ್ ಎಷ್ಟು ಸೋರುತ್ತಿದೆ ಅನ್ನುವ ಪರೀಕ್ಷೆ ಇದೆ. ನಿಮ್ಮ ತಂದೆಯವರ ವಯಸ್ಸಿಗೆ ಕ್ರಿಯಾಟಿನಿನ್ 2.1 ಅಂದರೆ ಇಜಿಎಫ್‌ಆರ್ ಸುಮಾರು 35 ಆಗುತ್ತದೆ. ಇದೇ ಮಟ್ಟ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದಿದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆಯ ಮೂರನೇ ಹಂತದ ಎರಡನೇ ಭಾಗ. ಅದನ್ನು ಹೇಳಲು ಯಾವ ಸ್ಕ್ಯಾನೂ ಬೇಕಿಲ್ಲ. ಕಾಯಿಲೆಗೆ ಸಕ್ಕರೆಯೇ ಕಾರಣವೋ ಬೇರೇನೋ ಅನ್ನುವ ಅನುಮಾನ ಬಂದರೆ ತೀರ್ಮಾನ ಹೇಳುವುದು ಬಯಾಪ್ಸಿ.

ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಉತ್ತರಿಸುವುದು ಒಂದೇ ಪ್ರಶ್ನೆಗೆ: ನಾವು ನೋಡುತ್ತಿರುವ ಈ ಜಾಗದಲ್ಲಿ ರಕ್ತ ಓಡುತ್ತಿದೆಯೋ ಇಲ್ಲವೋ? ನಿಮ್ಮ ತಂದೆಯವರ ವಿಷಯದಲ್ಲಿ ಈಗ ಬೇಕಿರುವುದೂ ಆ ಪ್ರಶ್ನೆಗೇ ಉತ್ತರ. ಸಿಸ್ಟ್ ಒಳಗಿನ ಪರದೆಗೆ ರಕ್ತ ಸರಬರಾಜಿದ್ದರೆ ಕ್ಯಾನ್ಸರ್ ಇರಬಹುದೇ ಎಂದು ನೋಡುವ ದಾರಿ, ಇಲ್ಲದಿದ್ದರೆ ಇನ್ನೊಂದು ದಾರಿ.

ಇಂಜೆಕ್ಷನ್ನಿನಲ್ಲಿ ಇರುವುದು ಏನು ಅಂದರೆ, ಗುಳ್ಳೆಗಳು. ಬಣ್ಣವಲ್ಲ, ಸಿಟಿಗೆ ಕೊಡುವ ಅಯೋಡಿನ್ ಅಲ್ಲ, ಎಂಆರ್‌ಐಗೆ ಕೊಡುವ ಗ್ಯಾಡೋಲಿನಿಯಂ ಅಲ್ಲ. ಹೆಚ್ಚು ಬಳಕೆಯಲ್ಲಿರುವ ಸೋನೋವ್ಯೂ ಅನ್ನುವ ಔಷಧದಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವನ್ನು ಫಾಸ್ಫೋಲಿಪಿಡ್‌ನ ತೆಳು ಪೊರೆಯೊಳಗೆ ಹಿಡಿದಿಟ್ಟಿರುತ್ತಾರೆ. ಒಂದೊಂದು ಗುಳ್ಳೆಯ ಸರಾಸರಿ ವ್ಯಾಸ 2.5 ಮೈಕ್ರಾನ್. ಕೆಂಪು ರಕ್ತಕಣ 7ರಿಂದ 8 ಮೈಕ್ರಾನ್ ಇರುವುದರಿಂದ ಕಣ ನುಸುಳುವ ಕಡೆಯೆಲ್ಲ ಗುಳ್ಳೆಯೂ ನುಸುಳುತ್ತದೆ. ‘ರಕ್ತನಾಳಕ್ಕೆ ಗಾಳಿ ಹೋದರೆ ಅಪಾಯವಲ್ಲವೇ’ ಎಂದು ಮನೆಯವರು ಹೆದರುವುದು ಸಹಜ. ಲೆಕ್ಕ ನೋಡಿ: ಸಿದ್ಧಪಡಿಸಿದ ಔಷಧದ 1 ಮಿ.ಲೀ.ನಲ್ಲಿ ಇರುವ ಅನಿಲ 8 ಮೈಕ್ರೋಲೀಟರ್. ಕಿಡ್ನಿಗೆ ಬೇಕಾಗುವುದು ಸಾಮಾನ್ಯವಾಗಿ 1ರಿಂದ 1.2 ಮಿ.ಲೀ. ಅಷ್ಟರಲ್ಲಿರುವ ಒಟ್ಟು ಅನಿಲ ಒಂದು ನೀರಿನ ಹನಿಯ ಐದನೇ ಒಂದು ಭಾಗದಷ್ಟು, ಅದೂ ಕೋಟ್ಯಂತರ ಚೂರುಗಳಾಗಿ.

ಈ ಗುಳ್ಳೆಗಳ ಎರಡು ಗುಣಗಳ ಮೇಲೆ ಇಡೀ ಪರೀಕ್ಷೆ ನಿಂತಿದೆ. ಮೊದಲನೆಯದು, ಅವು ರಕ್ತನಾಳ ಬಿಟ್ಟು ಹೊರಗೆ ಹೋಗುವುದಿಲ್ಲ. ಸಿಟಿಯ ಅಯೋಡಿನ್ ನಾಳದಿಂದ ಸೋರಿ ಅಂಗಾಂಶಕ್ಕೆ ಇಳಿಯುತ್ತದೆ, ಕಿಡ್ನಿಯಲ್ಲಿ ಸೋಸಿ ಮೂತ್ರಕ್ಕೆ ಸೇರುತ್ತದೆ. ಗುಳ್ಳೆ ಹಾಗಲ್ಲ, ಕಿಡ್ನಿಯ ಜರಡಿಯನ್ನು ಅದು ದಾಟುವುದೇ ಇಲ್ಲ. ಕೊನೆಗೆ ಒಡೆದು ಅನಿಲ ಶ್ವಾಸಕೋಶದ ಮೂಲಕ ಉಸಿರಲ್ಲಿ ಹೊರಟುಹೋಗುತ್ತದೆ. ಹೆಚ್ಚಿನ ಪಾಲು ಮೊದಲ ಕೆಲವೇ ನಿಮಿಷಗಳಲ್ಲಿ, ಹದಿನೈದು ನಿಮಿಷದೊಳಗೆ ಬಹುತೇಕ ಎಲ್ಲವೂ. ಪೊರೆಯ ಕೊಬ್ಬನ್ನು ದೇಹ ತನ್ನ ಇತರ ಕೊಬ್ಬಿನ ಜೊತೆ ಜೀರ್ಣಿಸಿಕೊಳ್ಳುತ್ತದೆ. ಕಿಡ್ನಿಗೆ ಇದರಲ್ಲಿ ಯಾವ ಕೆಲಸವೂ ಇಲ್ಲ. ಹಾಗಾಗಿ ಕ್ರಿಯಾಟಿನಿನ್ 2.1 ಇರಲಿ, 8 ಇರಲಿ, ಡಯಾಲಿಸಿಸ್ ನಡೆಯುತ್ತಿರಲಿ, ಕಿಡ್ನಿಯ ಕಾರಣಕ್ಕೆ ಈ ಇಂಜೆಕ್ಷನ್ ತಪ್ಪಿಸಬೇಕಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನಿಲ್ಲಿಸಬೇಕಿಲ್ಲ, ಮೊದಲೇ ಸಲೈನ್ ಏರಿಸಬೇಕಿಲ್ಲ.

ಎರಡನೆಯದು, ಶಬ್ದದ ಅಲೆ ತಾಗಿದಾಗ ಗುಳ್ಳೆ ಹಿಗ್ಗಿ ಕುಗ್ಗುತ್ತದೆ, ಆದರೆ ಹಿಗ್ಗಿದಷ್ಟೇ ಅಳತೆಗೆ ಕುಗ್ಗುವುದಿಲ್ಲ. ಯಂತ್ರ ಒಂದು ಅಲೆ ಕಳಿಸಿ, ಬೆನ್ನಿಗೇ ಅದನ್ನೇ ತಲೆಕೆಳಗು ಮಾಡಿ ಇನ್ನೊಂದು ಕಳಿಸುತ್ತದೆ. ಅಂಗಾಂಶದಿಂದ ವಾಪಸಾದ ಎರಡನ್ನೂ ಕೂಡಿದರೆ ಸೊನ್ನೆ. ಗುಳ್ಳೆಯಿಂದ ವಾಪಸಾದವು ಮಾತ್ರ ಒಂದಕ್ಕೊಂದು ಕಳೆದುಹೋಗದೆ ಶೇಷ ಉಳಿಯುತ್ತದೆ. ಆ ಶೇಷವೇ ಯಂತ್ರದ ಮಾನಿಟರ್ ಮೇಲೆ ಬೆಳಕಾಗಿ ಕಾಣುವುದು. ಕಲರ್ ಡಾಪ್ಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಮಾಮೂಲಿ ಅಲ್ಟ್ರಾಸೌಂಡ್) ದೊಡ್ಡ ನಾಳಗಳ ವೇಗದ ಹರಿವನ್ನು ಹಿಡಿಯುತ್ತದೆ. ಕೂದಲೆಳೆಗಿಂತ ಸಣ್ಣ ಲೋಮನಾಳದ ನಿಧಾನ ಹರಿವು ಅದಕ್ಕೆ ಸಿಗುವುದಿಲ್ಲ. ‘ಡಾಪ್ಲರ್‌ನಲ್ಲಿ ರಕ್ತ ಸಂಚಾರ ಕಾಣಲಿಲ್ಲ’ ಎಂಬ ವರದಿ ನಂಬಿ ಸಿಸ್ಟ್ ನಿರಪಾಯ ಎಂದು ಕೂರಬಾರದು ಅನ್ನುವುದು ಇದೇ ಕಾರಣಕ್ಕೆ. ಅಂದ ಹಾಗೆ, ಗುಳ್ಳೆಯ ಈ ಉಪಯೋಗ ಕಣ್ಣಿಗೆ ಬಿದ್ದದ್ದು ಹೃದಯದ ಪರೀಕ್ಷೆಯಲ್ಲಿ. 1968ರಲ್ಲಿ ಗ್ರಾಮಿಯಾಕ್ ಮತ್ತು ಶಾ ಎಂಬ ಇಬ್ಬರು ವೈದ್ಯರು ದ್ರಾವಣ ಚುಚ್ಚಿದಾಗ ಮಹಾಅಪಧಮನಿಯ ಬುಡದಲ್ಲಿ ಪ್ರತಿಧ್ವನಿಗಳ ಮೋಡ ಏಳುವುದನ್ನು ದಾಖಲಿಸಿದರು. ಅವು ದ್ರಾವಣದೊಳಗಿದ್ದ ಗಾಳಿಗುಳ್ಳೆಗಳು.

ಈಗ ಪರೀಕ್ಷೆ ಹೇಗೆ ನಡೆಯುತ್ತದೆ ಅನ್ನುವುದು. ಉಪವಾಸ ಕಡ್ಡಾಯವಲ್ಲ. ಕರುಳಿನ ಗ್ಯಾಸ್ ಕಡಿಮೆಯಿರಲಿ ಅಂತ ಕೆಲವು ಕಡೆ ನಾಲ್ಕು ಗಂಟೆ ಏನೂ ತಿನ್ನಬೇಡಿ ಅನ್ನುತ್ತಾರೆ. ಹಾಗೆ ಹೇಳಿದರೆ ಆ ಬೆಳಗಿನ ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ಏನು ಮಾಡಬೇಕು ಅಂತ ಮೊದಲೇ ಕೇಳಿ. ತಿಂಡಿ ಬಿಟ್ಟು ಇನ್ಸುಲಿನ್ ಮಾತ್ರ ತೆಗೆದುಕೊಂಡು ಬಂದು ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆವರಿ ಕುಸಿಯುವುದು, ಇಂಜೆಕ್ಷನ್ನಿಗಿಂತ ದೊಡ್ಡ ಅಪಾಯ.

ಕ್ಯಾನ್ಯುಲಾ ಚುಚ್ಚುವ ಜಾಗದ ಬಗ್ಗೆ ಒಂದು ಮಾತು, ಇದನ್ನು ನೀವೇ ನೆನಪಿಸಬೇಕಾಗಿ ಬರಬಹುದು. ಗುಳ್ಳೆ ಒಡೆಯದಿರಲು ಅಗಲ ಸೂಜಿ ಬೇಕು, ಸಾಮಾನ್ಯವಾಗಿ 20 ಗೇಜ್. ಮೊಣಕೈ ಮಡಿಕೆಯ ನರ ಅದಕ್ಕೆ ಸಲೀಸು, ಅಲ್ಲಿಗೇ ಕೈ ಹೋಗುತ್ತದೆ. ಆದರೆ ಕಿಡ್ನಿ ಕಾಯಿಲೆ ಮುಂದುವರಿದು ನಾಳೆ ಡಯಾಲಿಸಿಸ್ ಬೇಕಾದರೆ ಫಿಸ್ಟುಲಾ (ರಕ್ತ ಹೊರತೆಗೆಯಲು ಅಪಧಮನಿಗೆ ನರ ಜೋಡಿಸುವುದು) ಮಾಡುವುದು ಮುಂಗೈ ಮತ್ತು ಮೊಣಕೈಯ ಅದೇ ನರಗಳಲ್ಲಿ. ಇಜಿಎಫ್‌ಆರ್ 35ರ ರೋಗಿಯಲ್ಲಿ ಆ ನರಗಳನ್ನು ಕಾಪಾಡಿಕೊಳ್ಳಬೇಕು. ಅಂಗೈಯ ಹಿಂಭಾಗದ ಒಂದು ಒಳ್ಳೆಯ ನರದಲ್ಲಿ, ಬಲಗೈ ರೂಢಿಯವರಾದರೆ ಬಲಗೈಯಲ್ಲೇ, ಹಾಕಲು ಕೇಳಿ. ಫಿಸ್ಟುಲಾ ಈಗಾಗಲೇ ಇರುವ ಕೈಯಂತೂ ಮುಟ್ಟಲೇಬಾರದು.

ಸೋನೋವ್ಯೂ ಸೀಸೆಯಲ್ಲಿ 25 ಮಿ.ಗ್ರಾಂ. ಬಿಳಿ ಪುಡಿ ಇರುತ್ತದೆ. 5 ಮಿ.ಲೀ. ಸಲೈನ್ ಸೇರಿಸಿ 20 ಸೆಕೆಂಡು ಜೋರಾಗಿ ಅಲ್ಲಾಡಿಸಿದರೆ ಹಾಲಿನಂಥ ದ್ರವವಾಗುತ್ತದೆ. ಆರು ಗಂಟೆಯೊಳಗೆ ಬಳಸಬೇಕು. ಎದ್ದುಕಾಣುವ ತಪ್ಪು ಆಗುವುದು ಇಲ್ಲೇ. ಗುಳ್ಳೆಗಳು ಹಗುರ, ಸುಮ್ಮನೆ ಇಟ್ಟರೆ ಕೆನೆಯಂತೆ ಮೇಲೆ ತೇಲುತ್ತವೆ. ಮತ್ತೆ ಅಲ್ಲಾಡಿಸದೆ ತಳದಿಂದ ಸಿರಿಂಜಿಗೆ ಎಳೆದುಕೊಂಡರೆ ಬರುವುದು ಬಹುಪಾಲು ನೀರು. ಕಿಡ್ನಿ ಮಂಕಾಗಿ ಕಾಣುತ್ತದೆ, ದೋಷ ರೋಗಿಯ ರಕ್ತ ಸಂಚಾರದ ಮೇಲೆ ಬೀಳುತ್ತದೆ. ಮೂರು ದಾರಿಯ ಸ್ಟಾಪ್‌ಕಾಕ್ (ಕ್ಯಾನ್ಯುಲಾಗೆ ಜೋಡಿಸುವ ಪುಟ್ಟ ನಲ್ಲಿ) ಇದ್ದರೆ ಔಷಧ ನೇರ ದಾರಿಯಲ್ಲಿ ಹೋಗಬೇಕು, ಸಲೈನ್ ಅಡ್ಡ ದಾರಿಯಲ್ಲಿ ಬರಬೇಕು. ತಿರುವಿನಲ್ಲಿ ಗುಳ್ಳೆ ಒಡೆಯುತ್ತದೆ. ಔಷಧದ ಹಿಂದೆಯೇ 5ರಿಂದ 10 ಮಿ.ಲೀ. ಸಲೈನ್ ತಳ್ಳುತ್ತಾರೆ.

ಔಷಧ ಕೊಡುವ ಮೊದಲೇ ರೇಡಿಯಾಲಜಿಸ್ಟ್ ಸಾಮಾನ್ಯ ಸ್ಕ್ಯಾನಿನಲ್ಲಿ ಸಿಸ್ಟ್ ಹುಡುಕಿ, ಪ್ರೋಬ್ (ಚರ್ಮದ ಮೇಲೆ ಇಡುವ ಸ್ಕ್ಯಾನ್ ಉಪಕರಣ) ನಿಲ್ಲಿಸಬೇಕಾದ ಜಾಗ ಗೊತ್ತುಮಾಡಿಕೊಂಡು, ಕಾಂಟ್ರಾಸ್ಟ್ ಮೋಡ್‌ಗೆ ಹೋಗುತ್ತಾರೆ. ಈ ಮೋಡ್‌ನಲ್ಲಿ ಮೆಕ್ಯಾನಿಕಲ್ ಇಂಡೆಕ್ಸ್ (ಅಲೆಯ ಜೋರಿನ ಅಳತೆ) 0.1ಕ್ಕಿಂತ ಕೆಳಗೆ, ಸಾಮಾನ್ಯವಾಗಿ 0.05ರಿಂದ 0.08ರಷ್ಟು, ಇರಬೇಕು. ಅದಕ್ಕಿಂತ ಜೋರಾದರೆ ಗುಳ್ಳೆಗಳು ಪ್ರೋಬಿನ ಹೊಡೆತಕ್ಕೇ ಸಿಡಿಯುತ್ತವೆ. ಮಾನಿಟರ್ ಎರಡು ಭಾಗವಾಗಿರುತ್ತದೆ, ಒಂದು ಕಡೆ ಮಾಮೂಲಿ ಚಿತ್ರ, ಇನ್ನೊಂದು ಕಡೆ ಗುಳ್ಳೆಯ ಚಿತ್ರ. ಇಂಜೆಕ್ಷನ್ನಿಗೆ ಮುಂಚೆ ಗುಳ್ಳೆಯ ಕಡೆ ಹೆಚ್ಚುಕಡಿಮೆ ಕಪ್ಪಾಗಿರಬೇಕು. ಆಗಲೇ ಅಲ್ಲಿ ಏನಾದರೂ ಹೊಳೆಯುತ್ತಿದ್ದರೆ ಅದು ಕೊಬ್ಬು ಅಥವಾ ಸುಣ್ಣದ ಕಣ. ಆ ಮೊದಲ ಕಪ್ಪು ಚಿತ್ರವನ್ನು ಉಳಿಸಿಕೊಳ್ಳದೆ ಹೋದರೆ, ಸಿಸ್ಟ್ ಗೋಡೆಯ ಸುಣ್ಣದ ಚುಕ್ಕೆಯನ್ನೇ ‘ರಕ್ತ ಸಂಚಾರವಿರುವ ಗಂಟು’ ಅಂತ ಬರೆಯುವ ಸಂಭವವಿದೆ.

ಔಷಧ ಹೋದ ಕ್ಷಣದಿಂದ ಗಡಿಯಾರ ಓಡುತ್ತದೆ. ಹತ್ತು ಹದಿನೈದು ಸೆಕೆಂಡಿಗೆ ಕಿಡ್ನಿಯ ದೊಡ್ಡ ನಾಳಗಳು, ಅದರ ಹಿಂದೆಯೇ ಹೊರಪದರ ಒಮ್ಮೆಲೇ ಬೆಳಗುತ್ತದೆ. ಆಗ ಒಳಗಿನ ಪಿರಮಿಡ್ಡುಗಳು (ಒಳಪದರದ ತ್ರಿಕೋನಾಕಾರದ ಭಾಗಗಳು) ಇನ್ನೂ ಕಪ್ಪು. ಮೂವತ್ತು ನಲವತ್ತೈದು ಸೆಕೆಂಡು ದಾಟುವಾಗ ಅವೂ ಅಂಚಿನಿಂದ ನಡುವಿಗೆ ತುಂಬಿಕೊಳ್ಳುತ್ತಾ ಬಂದು, ಇಡೀ ಕಿಡ್ನಿ ಒಂದೇ ಸಮ ಬೆಳಗಿ, ಎರಡು ನಿಮಿಷದ ಆಚೆ ಮೆಲ್ಲಗೆ ಆರುತ್ತದೆ. ದೀರ್ಘಕಾಲದ ಕಾಯಿಲೆಯ ಕಿಡ್ನಿಯಲ್ಲಿ ಬೆಳಕು ಮಂಕು, ಬೇಗ ಆರುವುದೂ ಹೌದು. ಅದಕ್ಕೇ ಕೆಲವೊಮ್ಮೆ ಪ್ರಮಾಣ ಸ್ವಲ್ಪ ಏರಿಸಬೇಕಾಗುತ್ತದೆ. ಮೊದಲ ಒಂದು ನಿಮಿಷ ಪ್ರೋಬ್ ಅಲುಗಿಸದೆ ವಿಡಿಯೊ ರೆಕಾರ್ಡ್ ಮಾಡಬೇಕು. ಆಮೇಲೆ ನಡುನಡುವೆ ಕೆಲವೇ ಸೆಕೆಂಡು ನೋಡಿ ಬಿಡಬೇಕು. ಒಂದೇ ಜಾಗಕ್ಕೆ ಎಡೆಬಿಡದೆ ಅಲೆ ಹೊಡೆಯುತ್ತಿದ್ದರೆ ಕಡಿಮೆ ಶಕ್ತಿಯಲ್ಲೂ ಗುಳ್ಳೆ ಸವೆದು, ಕಿಡ್ನಿ ತಾನಾಗಿ ಆರಿದಂತೆ ತೋರುತ್ತದೆ. ತಂದೆಯವರಿಗೆ ಮಾಡಬೇಕಾದ ಕೆಲಸ ಒಂದೇ, ಉಸಿರನ್ನು ಸಣ್ಣಗೆ, ಒಂದೇ ಲಯದಲ್ಲಿ ಆಡುವುದು. ದೀರ್ಘ ಉಸಿರೆಳೆದರೆ ಕಿಡ್ನಿ ಪ್ರೋಬಿನ ಕೆಳಗಿನಿಂದ ಜಾರಿ ಹೋಗುತ್ತದೆ, ಆ ಮೊದಲ ಮೂವತ್ತು ಸೆಕೆಂಡು ಮತ್ತೆ ಸಿಗುವುದಿಲ್ಲ. ಇನ್ನೊಂದು ಕಿಡ್ನಿಯನ್ನೂ ನೋಡಬೇಕಿದ್ದರೆ ಎರಡನೇ ಡೋಸ್ ಬೇಕು, ಹತ್ತು ನಿಮಿಷ ಬಿಟ್ಟು.

ಸಿಸ್ಟ್‌ಗೆ ಬರೋಣ. 1986ರಲ್ಲಿ ನ್ಯೂಯಾರ್ಕಿನ ರೇಡಿಯಾಲಜಿಸ್ಟ್ ಮಾರ್ಟನ್ ಬೋಸ್ನಿಯಾಕ್ ಸಿಟಿ ನೋಡಿ ಕಿಡ್ನಿ ಸಿಸ್ಟ್‌ಗಳನ್ನು ವರ್ಗಮಾಡುವ ಪದ್ಧತಿ ಕೊಟ್ಟರು. 2019ರಲ್ಲಿ ಅದನ್ನು ಅಳತೆಗಳ ಸಮೇತ ಪರಿಷ್ಕರಿಸಲಾಯಿತು. 2020ರಲ್ಲಿ ಯೂರೋಪಿನ ಅಲ್ಟ್ರಾಸೌಂಡ್ ಒಕ್ಕೂಟದ ತಜ್ಞರು ಅದನ್ನು ಗುಳ್ಳೆಯ ಪರೀಕ್ಷೆಗೆ ಹೊಂದಿಸಿದರು. ನಿಮ್ಮ ತಂದೆಯವರ ವರದಿಯಲ್ಲಿ ಬರಬಹುದಾದದ್ದು ಹೀಗೆ. ತಿಳಿನೀರಿನ ಚೀಲ, ಕಾಗದದಷ್ಟು ತೆಳು ಗೋಡೆ, ಪರದೆ ಇಲ್ಲ ಅಂದರೆ ಒಂದನೇ ವರ್ಗ. ಎರಡು ಮಿ.ಮೀ. ಮೀರದ ಒಂದರಿಂದ ಮೂರು ತೆಳು ಪರದೆ, ಅದರಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಹಾದುಹೋದರೆ ಎರಡನೇ ವರ್ಗ. ಇವೆರಡನ್ನೂ ಮರೆತುಬಿಡಬಹುದು. ತೆಳುವಾದರೂ ಪರದೆ ನಾಲ್ಕಕ್ಕೆ ಏರಿದ್ದರೆ, ಅಥವಾ ಪರದೆಯೋ ಗೋಡೆಯೋ 3 ಮಿ.ಮೀ.ಗೆ ದಪ್ಪಗಾಗಿ ಉದ್ದಕ್ಕೂ ಬೆಳಗಿದರೆ ಅದು ಎರಡು-ಎಫ್, ಕಾದು ನೋಡುವ ವರ್ಗ. ನಾಲ್ಕು ಮಿ.ಮೀ. ಅಥವಾ ಅದಕ್ಕೂ ದಪ್ಪ, ಇಲ್ಲವೇ ಅಂಕುಡೊಂಕಾಗಿ ಬೆಳಗುವ ಗೋಡೆ-ಪರದೆ ಮೂರನೇ ವರ್ಗ. ಇವುಗಳಲ್ಲಿ ಸರಿಸುಮಾರು ಅರ್ಧ ಕ್ಯಾನ್ಸರ್ ಆಗಿರುತ್ತವೆ. ಒಳಗೆ ಗಂಟು ಎದ್ದು ಅದು ಬೆಳಗಿದರೆ ನಾಲ್ಕನೇ ವರ್ಗ, ಹತ್ತರಲ್ಲಿ ಒಂಬತ್ತು ಕ್ಯಾನ್ಸರ್. ಗಂಟಿನಂತೆ ಕಂಡದ್ದು ಒಂದಿಷ್ಟೂ ಬೆಳಗದಿದ್ದರೆ ಅದು ಹೆಪ್ಪುಗಟ್ಟಿದ ಹಳೆಯ ರಕ್ತ ಅಥವಾ ಕಸ. ಸಿಟಿಯಲ್ಲಿ ‘ಬೆಳಗಿತೋ ಇಲ್ಲವೋ ಹೇಳಲಾಗದು’ ಎಂಬ ಸಿಸ್ಟ್‌ಗಳಲ್ಲಿ ಈ ಪರೀಕ್ಷೆ ನಿಜಕ್ಕೂ ಉಪಕಾರಿ, ಏಕೆಂದರೆ ಒಂದೊಂದೇ ಗುಳ್ಳೆ ಪರದೆಯೊಳಗೆ ಇರುವೆಯಂತೆ ಸಾಗುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಆ ಸೂಕ್ಷ್ಮತೆಗೆ ಬೆಲೆಯೂ ಇದೆ. ಸಿಟಿ ಕಾಣದ ಹರಿವನ್ನು ಗುಳ್ಳೆ ತೋರಿಸುವುದರಿಂದ ಸಿಟಿಯ ಎರಡನೇ ವರ್ಗ ಇಲ್ಲಿ ಎರಡು-ಎಫ್ ಆಗಬಹುದು, ಎರಡು-ಎಫ್ ಮೂರಾಗಬಹುದು. ಪ್ರಮಾಣ ಅಗತ್ಯಕ್ಕಿಂತ ಹೆಚ್ಚಾದರೆ ಬೆಳಕು ಹರಡಿ ತೆಳು ಪರದೆಯೂ ದಪ್ಪಗೆ ಕಾಣುತ್ತದೆ, ಪ್ರೋಬಿಗೆ ಹತ್ತಿರದ ಭಾಗ ಬೆಳ್ಳಗಾಗಿ ಹಿಂದಿನದು ಕತ್ತಲಾಗುತ್ತದೆ. ಮೂರನೇ ವರ್ಗ ಎಂದು ಬಂದರೆ ಗಾಬರಿಯಾಗಿ ಆಪರೇಷನ್ ದಿನ ಗೊತ್ತುಮಾಡುವ ಬದಲು, ಅದನ್ನು ಇನ್ನೊಂದು ಪರೀಕ್ಷೆಯೊಂದಿಗೆ ಹೋಲಿಸಿ ಯುರಾಲಜಿಸ್ಟ್ ಜೊತೆ ಕೂತು ಮಾತಾಡುವುದು ಸರಿ.

ಸಿಸ್ಟ್ ಅಲ್ಲದೆ ಗಟ್ಟಿ ಗಡ್ಡೆಯೇ ಇದ್ದಿದ್ದರೆ ಮಾತು ಬೇರೆ. ‘ಗಡ್ಡೆ’ ಎಂದು ಹೆದರಿಸಿದ್ದು ನಿಜವಾದ ಗಡ್ಡೆಯೋ, ಕಿಡ್ನಿಯದೇ ಉಬ್ಬಿದ ಭಾಗವೋ ಎಂಬುದನ್ನು ಈ ಪರೀಕ್ಷೆ ಚೆನ್ನಾಗಿ ಬಿಡಿಸುತ್ತದೆ. ಉಬ್ಬಾದರೆ ಎಲ್ಲ ಹಂತದಲ್ಲೂ ಪಕ್ಕದ ಕಿಡ್ನಿಯಂತೆಯೇ ಬೆಳಗುತ್ತದೆ. ಆದರೆ ಗಡ್ಡೆ ನಿಜ ಎಂದಾದ ಮೇಲೆ ಅದು ಕೆಡುಕಿನದೋ ಸಾಧುವಾದದ್ದೋ ಎಂದು ಬೆಳಗುವ ಬಗೆ ನೋಡಿಯೇ ಖಚಿತವಾಗಿ ಹೇಳಲಾಗದು. ಹೇಳುತ್ತೇವೆ ಅನ್ನುವ ವರದಿಯನ್ನು ಅನುಮಾನದಿಂದಲೇ ಓದಿ.

ಕಿಡ್ನಿಯ ಇತರ ಕಾಯಿಲೆಗಳಲ್ಲಿ ಇದು ಗೆಲ್ಲುವ ಕಡೆಗಳೂ ಇವೆ. ರಕ್ತ ನಿಂತುಹೋದ ತುಂಡು ತ್ರಿಕೋನದಾಕಾರದಲ್ಲಿ ಕಪ್ಪಗೆ ಉಳಿಯುತ್ತದೆ. ಕಿಡ್ನಿ ಸೋಂಕಿಗೆ ಮೂರು ದಿನ ಆಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿಯದಿದ್ದರೆ, ಕೀವುಗಟ್ಟಿದ ಜಾಗ ಬೆಳಗದೆ ಎದ್ದು ಕಾಣುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಸೋಂಕಿನ ಜೊತೆ ಗ್ಯಾಸ್ ಕಟ್ಟಿಕೊಂಡಿದ್ದರೆ ಮಾತ್ರ ಅಲ್ಟ್ರಾಸೌಂಡ್ ನೆಚ್ಚಬೇಡಿ, ಗ್ಯಾಸ್ ಅಲೆಯನ್ನು ತಡೆಯುತ್ತದೆ. ಅಲ್ಲಿ ಕಾಂಟ್ರಾಸ್ಟ್ ಇಲ್ಲದ ಸಿಟಿಯೇ ಸಾಕು. ಕಸಿ ಮಾಡಿದ ಕಿಡ್ನಿಗಂತೂ ಇದು ಹೇಳಿ ಮಾಡಿಸಿದ್ದು: ಚರ್ಮದ ಅಡಿಯಲ್ಲೇ ಇರುತ್ತದೆ, ಮೂತ್ರ ಇಳಿಮುಖವಾದ ದಿನವೇ ಹಾಸಿಗೆಯ ಬಳಿಯೇ ಯಂತ್ರ ತಂದು ಹೊರಪದರಕ್ಕೆ ರಕ್ತ ತಲುಪುತ್ತಿದೆಯೇ ಎಂದು ನೋಡಬಹುದು. ಬೆಳಕಿನ ಏರಿಳಿತವನ್ನು ಗ್ರಾಫ್ ಮಾಡಿ ಕಿಡ್ನಿ ಕಾಯಿಲೆಯ ಹಂತ ಅಳೆಯುವ ಪ್ರಯತ್ನಗಳೂ ನಡೆದಿವೆ. ಆದರೆ ಯಂತ್ರ, ಆಳ, ಡೋಸ್, ಹೃದಯದ ಬಲ ಬದಲಾದರೆ ಗ್ರಾಫೂ ಬದಲಾಗುತ್ತದೆ. ದಿನನಿತ್ಯದ ಚಿಕಿತ್ಸೆಗೆ ಅದು ಇನ್ನೂ ಬಂದಿಲ್ಲ. ಕಲ್ಲು, ಮೂತ್ರ ಕಟ್ಟಿ ಕಿಡ್ನಿ ಊದಿಕೊಳ್ಳುವುದು, ಇವಕ್ಕೆಲ್ಲ ಗುಳ್ಳೆ ದಂಡ.

ಸುರಕ್ಷತೆಯ ವಿಷಯ. ಕಿಡ್ನಿಗೆ ಅಪಾಯವಿಲ್ಲ ಎಂದ ಮಾತ್ರಕ್ಕೆ ಅಪಾಯವೇ ಇಲ್ಲ ಎಂದಲ್ಲ. ತೀವ್ರ ಅಲರ್ಜಿ ಬಹಳ ಅಪರೂಪ, ಆದರೆ ಆದಾಗ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಅದಕ್ಕೇ ಪರೀಕ್ಷೆ ಮುಗಿದ ಮೇಲೂ 30 ನಿಮಿಷ ಅಲ್ಲೇ ಕೂರಿಸುತ್ತಾರೆ, ಕ್ಯಾನ್ಯುಲಾ ತಕ್ಷಣ ತೆಗೆಯುವುದಿಲ್ಲ, ಅಡ್ರಿನಲಿನ್ ಕೈಗೆ ಸಿಗುವಂತಿರಬೇಕು. ಔಷಧದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಇದೆ. ಮಲಬದ್ಧತೆಗೆ ಅಥವಾ ಕೊಲೊನೋಸ್ಕೋಪಿಗೆ ಕುಡಿಸುವ ಪುಡಿಯಲ್ಲೂ ಇರುವುದು ಅದೇ. ಆ ಪುಡಿ ಕುಡಿದು ಮೈಮೇಲೆ ಗಂಧೆ ಎದ್ದಿದ್ದರೆ ಈ ಇಂಜೆಕ್ಷನ್ ಬೇಡ. ಶ್ವಾಸಕೋಶದ ರಕ್ತದೊತ್ತಡ ವಿಪರೀತ ಏರಿರುವವರಿಗೆ, ಹತೋಟಿಗೆ ಬಾರದ ಬಿಪಿ ಇರುವವರಿಗೆ ಬೇಡ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ ಮೊದಲೇ ತಿಳಿಸಿ. ಕಿಡ್ನಿ ಕಲ್ಲನ್ನು ಶಾಕ್‌ವೇವ್‌ನಿಂದ ಒಡೆಸುವುದಿದ್ದರೆ ಅದಕ್ಕೆ ಮುಂಚಿನ 24 ಗಂಟೆಯಲ್ಲಿ ಇದನ್ನು ಮಾಡಿಸಬಾರದು. ದೊಡ್ಡವರ ಕಿಡ್ನಿಗೆ ಈ ಔಷಧ ಬಳಸುವುದು ಹಲವು ದೇಶಗಳಲ್ಲಿ ಲೇಬಲ್‌ನಲ್ಲಿ ಇಲ್ಲದ ಬಳಕೆ. ಒಪ್ಪಿಗೆ ಪತ್ರ ಓದಿ ಸಹಿ ಹಾಕಲು ಹೇಳುವುದು ಅದಕ್ಕೂ ಸೇರಿಯೇ.

ಸಿಟಿಯ ಭಯದ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅಯೋಡಿನ್ ಕಾಂಟ್ರಾಸ್ಟ್‌ನಿಂದ ಕಿಡ್ನಿ ಕೆಡುವ ಅಪಾಯವನ್ನು ಹಿಂದೆ ಅತಿಯಾಗಿ ಎಣಿಸಲಾಗಿತ್ತು. ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನ 2020ರಲ್ಲಿ ಕೂಡಿ ಹೇಳಿದಂತೆ, ಮುಂಜಾಗ್ರತೆಗೆ ಸಲೈನ್ ಏರಿಸುವುದು ಮುಖ್ಯವಾಗಿ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದು ಇನ್ನೂ ಡಯಾಲಿಸಿಸ್‌ಗೆ ಹೋಗದವರಿಗೆ, ಮತ್ತು ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದಿರುವವರಿಗೆ. 30ರಿಂದ 44ರ ನಡುವೆ ವೈದ್ಯರ ವಿವೇಚನೆ. ನಿಮ್ಮ ತಂದೆಯವರು ಅಲ್ಲೇ ನಿಂತಿದ್ದಾರೆ. ಅಂದರೆ ಸಿಟಿಗೆ ಬಾಗಿಲು ಮುಚ್ಚಿಲ್ಲ. ನನ್ನ ಸಲಹೆ: ಗುಳ್ಳೆಯ ಪರೀಕ್ಷೆ ಮಾಡಿ ಅಭ್ಯಾಸವಿರುವ ರೇಡಿಯಾಲಜಿಸ್ಟ್ ಕೈಗೆಟಕುವ ದೂರದಲ್ಲಿದ್ದರೆ ಮೊದಲು ಅದು. ಎಲ್ಲ ಸ್ಕ್ಯಾನಿಂಗ್ ಸೆಂಟರಿನಲ್ಲೂ ಈ ಮೋಡ್ ಇರುವುದಿಲ್ಲ, ಯಂತ್ರವಿದ್ದರೂ ತಿಂಗಳಿಗೊಮ್ಮೆ ಮಾಡುವವರ ಓದು ಬೇರೆ, ವಾರವಾರ ಮಾಡುವವರ ಓದು ಬೇರೆ. ಸಿಗದಿದ್ದರೆ ತಿಂಗಳುಗಟ್ಟಲೆ ಹುಡುಕುತ್ತಾ ಕಾಯುವುದಕ್ಕಿಂತ ನೆಫ್ರಾಲಜಿಸ್ಟ್ ಒಪ್ಪಿಗೆಯಿಂದ ಸಿಟಿ ಅಥವಾ ಎಂಆರ್‌ಐ ಮಾಡಿಸಿ. ತಂದೆಯವರು ತುಂಬಾ ದಪ್ಪಗಿದ್ದು ಕಿಡ್ನಿ ಆಳದಲ್ಲಿದ್ದರೆ, ಅಥವಾ ಸಿಸ್ಟ್ ಗೋಡೆ ತುಂಬ ಸುಣ್ಣ ಕಟ್ಟಿದ್ದರೆ ಹೇಗೂ ಅದೇ ದಾರಿ. ಮೂರು ಅಥವಾ ನಾಲ್ಕನೇ ವರ್ಗ ಬಂದರೆ ಶ್ವಾಸಕೋಶ, ಸುತ್ತಲ ಗ್ರಂಥಿ ಎಲ್ಲ ನೋಡಲು ಸಿಟಿ ಬೇಕೇ ಬೇಕು.

ವರದಿ ಕೈಗೆ ಬಂದಾಗ ಅದರಲ್ಲಿ ಔಷಧದ ಹೆಸರು ಮತ್ತು ಪ್ರಮಾಣ, ಪರದೆಗಳ ಎಣಿಕೆ, ಅತಿ ದಪ್ಪ ಪರದೆಯ ಅಳತೆ ಮಿ.ಮೀ.ಗಳಲ್ಲಿ, ಗಂಟು ಇದೆಯೇ ಇಲ್ಲವೇ, ಯಾವ ವರ್ಗ, ಇಷ್ಟಿದೆಯೇ ನೋಡಿ. ವಿಡಿಯೊ ಕ್ಲಿಪ್ ಇರುವ ಸಿಡಿಯನ್ನೂ ಕೇಳಿ ಪಡೆಯಿರಿ, ನಿಂತ ಚಿತ್ರಗಳ ಹಾಳೆಯಿಂದ ಇನ್ನೊಬ್ಬ ತಜ್ಞರಿಗೆ ಏನೂ ತಿಳಿಯುವುದಿಲ್ಲ. ಎರಡು-ಎಫ್ ಎಂದು ಬಂದರೆ ಆರು ತಿಂಗಳಾದಾಗ ಒಂದು ಸಲ, ಹನ್ನೆರಡು ತಿಂಗಳಾದಾಗ ಇನ್ನೊಂದು ಸಲ, ಆಮೇಲೆ ವರ್ಷಕ್ಕೊಮ್ಮೆ, ಒಟ್ಟು ಐದು ವರ್ಷ ನೋಡಬೇಕು. ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ, ಅದೇ ಡೋಸಿನಲ್ಲಿ, ಹಳೆಯ ಸಿಡಿ ಜೊತೆಗಿಟ್ಟುಕೊಂಡು.